ಗುಂಡಿಗೊಂದು ಮನೆ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಹೊಲಿಗೆ ತರಗತಿಯ ಪ್ರಮಾಣಪತ್ರ ವಿತರಣಾ ಸಮಾರಂಭದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಈ ವರ್ಷದಲ್ಲಿ ನಮ್ಮ ದೇವಾಲಯದ ಗೋಪುರದ ಬಗ್ಗೆ, ಗಂಟೆಯ ಬಗ್ಗೆ, ಅಡಿಗಲ್ಲನ್ನಿಟ್ಟ ಹಿರಿಯರ ಬಗ್ಗೆ ಅನೇಕ ವಿದ್ವತ್ಪೂರ್ಣ ಭಾಷಣಗಳನ್ನು ತಾವು ಕೇಳಿದ್ದೀರಿ. ನಾನು ಇಂದು ಮಾತಿಗೆ ಆರಿಸಿಕೊಂಡಿರುವುದು ಅರ್ಧ ಅಂಗುಲಕ್ಕಿಂತ ತುಸು ದೊಡ್ಡದಾದ ಒಂದು ರಂಧ್ರವನ್ನು. ಅಂಗಿಯ ಗುಂಡಿ ತೂರುವ ಆ ರಂಧ್ರಕ್ಕೆ ದರ್ಜಿಗಳ ಬಾಯಲ್ಲಿ ಕಾಜಾ ಎಂದು ಹೆಸರು. ದಯವಿಟ್ಟು ನಗಬೇಡಿ. ಈ ವಿಷಯವನ್ನು ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ಅದು ಪಾಲನಾ ಸಮಿತಿಯ ಸಭೆಯ ಮೂಲಕ ನನ್ನ ಬಳಿಗೆ ಬಂದದ್ದು.

ಕಳೆದ ಸಭೆಯಲ್ಲಿ ಸದಸ್ಯರೊಬ್ಬರು ಒಂದು ಸಲಹೆಯನ್ನು ಮುಂದಿಟ್ಟರು. ಆರು ತಿಂಗಳ ಹೊಲಿಗೆ ತರಗತಿಯಲ್ಲಿ ಮೂರು ವಾರಗಳು ಕೈಯಿಂದ ಕಾಜಾ ಹೊಲಿಯುವುದನ್ನು ಕಲಿಸುವುದರಲ್ಲೇ ಕಳೆದುಹೋಗುತ್ತವೆ. ಯಂತ್ರವು ಕೆಲವೇ ಸೆಕೆಂಡುಗಳಲ್ಲಿ ಮಾಡಿ ಮುಗಿಸುವ ಕೆಲಸಕ್ಕೆ ನಮ್ಮ ಹೆಣ್ಣುಮಕ್ಕಳ ಕಣ್ಣನ್ನೂ ಕಾಲವನ್ನೂ ವ್ಯಯಮಾಡುವುದೇಕೆ, ಆ ಮೂರು ವಾರಗಳಲ್ಲಿ ಹೊಸ ಮಾದರಿಯ ಕತ್ತರಿಸುವಿಕೆಯನ್ನು ಕಲಿಸಬಾರದೇ ಎಂಬುದು ಅವರ ಪ್ರಶ್ನೆ. ಸದುದ್ದೇಶದಿಂದ ಕೇಳಿದ ಪ್ರಶ್ನೆ ಅದು. ಸಭೆ ಅಂದು ಯಾವ ತೀರ್ಮಾನಕ್ಕೂ ಬರಲಿಲ್ಲ. ಗುರುಗಳ ಅಭಿಪ್ರಾಯವನ್ನು ಕೇಳಿ ಮುಂದಿನ ಸಭೆಯಲ್ಲಿ ನಿರ್ಧರಿಸುವುದೆಂದಾಯಿತು. ಆ ಅಭಿಪ್ರಾಯವನ್ನು ನಾಲ್ಕು ಗೋಡೆಗಳ ನಡುವೆ ಹೇಳುವುದಕ್ಕಿಂತ, ಸೂಜಿ ಹಿಡಿದವರ ಎದುರಿನಲ್ಲೇ ಹೇಳುವುದು ಲೇಸೆಂದು ನನಗೆ ತೋರಿತು.

ಆ ಸದಸ್ಯರ ಮಾತಿನಲ್ಲಿ ಸತ್ಯಾಂಶವಿದೆ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳೋಣ. ಫ್ರಾನ್ಸಿನ ಬಡ ದರ್ಜಿ ತಿಮೊನ್ಯೇ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಅಮೆರಿಕದಲ್ಲಿ 1846ರಲ್ಲಿ ಹೋವ್, 1851ರಲ್ಲಿ ಸಿಂಗರ್ ತಮ್ಮ ತಮ್ಮ ಯಂತ್ರಗಳಿಗೆ ಹಕ್ಕು ಪಡೆದರು. ಆ ಯಂತ್ರಗಳು ನೇರ ಹೊಲಿಗೆಯನ್ನು ಮನುಷ್ಯನ ಕೈಯಿಂದ ಕಸಿದುಕೊಂಡವು. ಕಾಜಾ ಮಾತ್ರ ಇನ್ನೂ ಕೆಲವು ವರ್ಷ ಸೂಜಿಗೇ ಉಳಿಯಿತು. 1860ರ ದಶಕದಿಂದ ಮುಂದೆ ಅದಕ್ಕೂ ಯಂತ್ರಗಳು ಬಂದವು. ಇಂದು ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ತಯಾರಾಗುವ ಷರ್ಟುಗಳ ಕಾಜಾಗಳೆಲ್ಲ ಯಂತ್ರದವೇ. ಅವು ಅಚ್ಚುಕಟ್ಟಾಗಿಯೂ ಇರುತ್ತವೆ. ಯಂತ್ರವನ್ನು ಜರೆಯುವುದು ನನ್ನ ಉದ್ದೇಶವಲ್ಲ. ಯಂತ್ರವನ್ನು ಜರೆಯುತ್ತಾ ಯಂತ್ರದಲ್ಲಿ ಹೊಲಿದ ಅಂಗಿಯನ್ನೇ ತೊಟ್ಟು ವೇದಿಕೆಯ ಮೇಲೆ ನಿಲ್ಲುವ ಉಪನ್ಯಾಸಕರನ್ನು ನಾವು ಸಾಕಷ್ಟು ಕಂಡಿದ್ದೇವೆ.

ಆದರೂ ಆ ಮೂರು ವಾರಗಳನ್ನು ಕೈಬಿಡಬಾರದೆಂದು ನಾನು ಹೇಳುತ್ತೇನೆ. ಏಕೆಂದು ಹೇಳುವ ಮುನ್ನ ಕಾಜಾ ಎಂಬ ಪದದ ಬಗ್ಗೆ ಒಂದು ಮಾತು.

ಗೋವೆಯ ಅಸಗಾಂವ್‌ನಲ್ಲಿ 1855ರಲ್ಲಿ ಜನಿಸಿದ ಮೊನ್ಸಿಞೊರ್ ಸೆಬಾಸ್ತಿಯಾಂವ್ ರೊಡೊಲ್ಫೊ ದಾಲ್ಗಾದೊ ಎಂಬ ಧರ್ಮಗುರುಗಳಿದ್ದರು. ಮಹಾ ಭಾಷಾವಿದ್ವಾಂಸರು. ಪೋರ್ಚುಗೀಸ್ ಭಾಷೆಯಿಂದ ಏಷ್ಯಾದ ಭಾಷೆಗಳಿಗೆ ಬಂದ ಪದಗಳನ್ನೆಲ್ಲ ಕಲೆಹಾಕಿ 1913ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರ ಇಂಗ್ಲಿಷ್ ಅನುವಾದ 1936ರಲ್ಲಿ ಬರೋಡದಿಂದ ಹೊರಬಂದಿತು. ನಮ್ಮ ದೇಶದ ದರ್ಜಿಗಳು ಬಳಸುವ ಕಾಜ್, ಕಾಜಾ ಎಂಬ ಪದಗಳು ಪೋರ್ಚುಗೀಸಿನ ‘ಕಾಸಾ’ ಎಂಬ ಪದದಿಂದ ಹುಟ್ಟಿದವು ಎಂಬುದು ವಿದ್ವಾಂಸರ ಅಭಿಮತ. ಕಾಸಾ ಎಂದರೆ ಮನೆ. ಆ ಭಾಷೆಯವರು ಗುಂಡಿ ತೂರುವ ರಂಧ್ರವನ್ನು ಗುಂಡಿಯ ಮನೆ ಎಂದು ಕರೆಯುತ್ತಾರೆ. ನನ್ನನ್ನು ಕೆಲವರು ಪಾದ್ರಿ ಎಂದು ಕರೆಯುವುದುಂಟಷ್ಟೆ. ಕರಾವಳಿಯವರು ದೇವಾಲಯಕ್ಕೆ ಇಗರ್ಜಿ ಎನ್ನುವುದುಂಟು. ಬೀಗದ ಕೈಗೆ ಚಾವಿ ಎನ್ನುತ್ತೇವೆ. ಇವೆಲ್ಲವೂ ಅದೇ ಭಾಷೆಯಿಂದ ಬಂದವು. ಪಾದ್ರಿಯೂ ಕಾಜಾವೂ ಒಂದೇ ಹಡಗಿನಲ್ಲಿ ಬಂದಿಳಿದವೆಂದರೆ ತಪ್ಪಾಗಲಾರದು. ಅದಕ್ಕೆ ಮುಂಚೆ ನಮ್ಮ ಜನ ಬಟ್ಟೆಯನ್ನು ಉಡುತ್ತಿದ್ದರು, ಹೊದೆಯುತ್ತಿದ್ದರು, ಅಂಗಿ ತೊಟ್ಟವರು ಕಸೆ ಕಟ್ಟಿಕೊಳ್ಳುತ್ತಿದ್ದರು. ಯುರೋಪಿನಲ್ಲಿಯೂ ಹೊಲಿದ ಅಂಚುಳ್ಳ ಗುಂಡಿರಂಧ್ರ ಬಳಕೆಗೆ ಬಂದದ್ದು 13ನೆಯ ಶತಮಾನದ ಹೊತ್ತಿಗೇ. ಗುಂಡಿ ಅದಕ್ಕಿಂತ ಬಹಳ ಹಳೆಯದು. ಸಿಂಧೂ ಕಣಿವೆಯ ಅಗೆತಗಳಲ್ಲಿ ಚಿಪ್ಪಿನ ಗುಂಡಿಗಳು ದೊರೆತಿವೆ. ಆದರೆ ಅವು ಬಹುಮಟ್ಟಿಗೆ ಅಲಂಕಾರಕ್ಕಾಗಿ ಇದ್ದವು. ಅನೇಕ ಶತಮಾನಗಳ ಕಾಲ ಗುಂಡಿಗೆ ಮನೆ ಇರಲಿಲ್ಲ.

ಈಗ ಆ ಮನೆಯನ್ನು ಕಟ್ಟುವ ಬಗೆ. ಸಿಸ್ಟರ್ ಅವರು ಕ್ಷಮಿಸಬೇಕು. ಅವರ ತರಗತಿಯ ಹಿಂಬದಿಯಲ್ಲಿ ಕೆಲವು ಸಂಜೆ ಕುಳಿತು ನಾನು ಕಂಡದ್ದನ್ನೇ ಹೇಳುತ್ತಿದ್ದೇನೆ. ಗುರುಮಠದಲ್ಲಿದ್ದಾಗ ಕಿತ್ತುಹೋದ ಗುಂಡಿಯನ್ನು ನಾವೇ ಹೊಲಿದುಕೊಳ್ಳುತ್ತಿದ್ದೆವು. ಕಾಜಾ ಮಾತ್ರ ನಮ್ಮ ಯಾರ ಕೈಗೂ ಬರಲಿಲ್ಲ. ಲತೀನ್ ವ್ಯಾಕರಣ ಅದಕ್ಕಿಂತ ಸುಲಭ.

ಮೊದಲು ಅಳತೆ. ಚಪ್ಪಟೆ ಗುಂಡಿಯಾದರೆ ಅದರ ಅಗಲ ಮತ್ತು ದಪ್ಪ ಎರಡನ್ನೂ ಕೂಡಿಸಿದಷ್ಟು ಉದ್ದ ಬೇಕು. ಗೋಳಾಕಾರದ ಗುಂಡಿಯಾದರೆ ಅದರ ಸುತ್ತ ಒಂದು ಕಾಗದದ ಪಟ್ಟಿಯನ್ನು ಸುತ್ತಿ, ಆ ಉದ್ದದ ಅರ್ಧವನ್ನು ತೆಗೆದುಕೊಳ್ಳಬೇಕು. ಷರ್ಟಿನ ಎದೆಯ ಪಟ್ಟಿಯಲ್ಲಿ ಕಾಜಾ ಮೇಲಿನಿಂದ ಕೆಳಕ್ಕೆ ನಿಲ್ಲುತ್ತದೆ. ಕೊರಳಪಟ್ಟಿಯಲ್ಲಿ ಅಡ್ಡ ಮಲಗುತ್ತದೆ. ಎಲ್ಲಿ ಎಳೆತ ಹೆಚ್ಚೋ ಅಲ್ಲಿ ಅಡ್ಡಕಾಜಾ. ಎಳೆದಾಗ ಗುಂಡಿ ಸರಿದು ರಂಧ್ರದ ಒಂದು ತುದಿಗೆ ಆತುಕೊಂಡು ನಿಲ್ಲುತ್ತದೆ, ಜಾರಿ ಹೊರಬರುವುದಿಲ್ಲ. ಬಟ್ಟೆ ಒಂಟಿ ಪದರವಿರಬಾರದು. ಎರಡು ಪದರ, ನಡುವೆ ಬಕ್ರಂ. ಸೀಮೆಸುಣ್ಣದಿಂದ ಗುರುತು ಮಾಡಿ, ನೇಯ್ಗೆಯ ಎಳೆಯನ್ನನುಸರಿಸಿ ಕತ್ತರಿಸಬೇಕು. ಎಳೆ ತಪ್ಪಿ ಓರೆಯಾಗಿ ಕತ್ತರಿಸಿದರೆ ಯಾವ ಹೊಲಿಗೆಯೂ ಅದನ್ನು ಪೂರ್ತಿ ಸರಿಪಡಿಸಲಾರದು.

ಇಲ್ಲಿಯೇ ಯಂತ್ರಕ್ಕೂ ಕೈಗೂ ಇರುವ ವ್ಯತ್ಯಾಸ. ಷರ್ಟಿನ ಕಾಜಾ ಮಾಡುವ ಯಂತ್ರ ಸಾಮಾನ್ಯವಾಗಿ ಮೊದಲು ಹೊಲಿಯುತ್ತದೆ, ಅನಂತರ ನಡುವೆ ಕತ್ತರಿಸುತ್ತದೆ. ಕೈಯಿಂದ ಮಾಡುವವಳು ಮೊದಲು ಕತ್ತರಿಸುತ್ತಾಳೆ. ಹೊಚ್ಚ ಹೊಸ ಅಂಗಿ. ಎಲ್ಲ ಹೊಲಿಗೆಯೂ ಮುಗಿದಿದೆ. ಒಂದು ಕಲೆಯೂ ಇಲ್ಲ. ಅದರ ಎದೆಗೇ ಕತ್ತರಿ ಇಡಬೇಕು. ಒಮ್ಮೆ ಕತ್ತರಿಸಿದ ಮೇಲೆ ಹಿಂದಿರುಗುವಂತಿಲ್ಲ. ನಮ್ಮ ತರಗತಿಯ ಒಬ್ಬ ಸೋದರಿ ಮೊದಲನೆಯ ಸಲ ಕತ್ತರಿಸುವಾಗ ಶಿಲುಬೆಯ ಗುರುತು ಹಾಕಿಕೊಂಡದ್ದನ್ನು ನಾನು ಕಂಡೆ. ಆಕೆಯ ದೈವಭಕ್ತಿಯನ್ನು ಮೆಚ್ಚಿದೆ. ಬಟ್ಟೆಯ ಬೆಲೆಯೂ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಕತ್ತರಿಸಿದ ಅಂಚಿನ ಎಳೆಗಳು ಬಿಚ್ಚಿಕೊಳ್ಳದಂತೆ ತಡಮಾಡದೆ ಸಡಿಲವಾಗಿ ಸುತ್ತುಹೊಲಿಗೆ ಹಾಕುತ್ತಾರೆ. ಬಳಿಕ ರಂಧ್ರದ ಉದ್ದಕ್ಕೂ ಎರಡೂ ಬದಿ ಗಟ್ಟಿಯಾದ ಒಂದು ಎಳೆಯನ್ನು ಹಾಯಿಸುತ್ತಾರೆ. ಗೋಡೆಯೊಳಗಿನ ಕಬ್ಬಿಣದ ಸಲಾಕಿಯಂತೆ ಅದು ಹೊಲಿಗೆಯ ಒಳಗೆ ಅಡಗಿರುತ್ತದೆ. ಹೊಲಿಯುವ ನೂಲನ್ನು ಜೇನುಮೇಣದ ಮೇಲೆ ಎಳೆದು ನಯಮಾಡಿಕೊಳ್ಳಬೇಕು. (ಪೀಠದ ಮೇಲಿನ ಮೇಣದ ಬತ್ತಿಯ ತುಂಡನ್ನು ಕೇಳಲು ಬಂದವರಿಗೆ ಅದನ್ನು ಕೊಡಲಿಲ್ಲವೆಂದು ಬೇಸರವಾಗಿದ್ದರೆ ಕ್ಷಮೆಯಿರಲಿ. ಅಂಗಡಿಯ ಬತ್ತಿಯ ಮೇಣ ಪುಡಿಯಾಗಿ ಉದುರುತ್ತದೆ. ಜೇನುಮೇಣದ ಗುಣವೇ ಬೇರೆ.) ನೂಲು ತೋಳಿನ ಉದ್ದಕ್ಕಿಂತ ಹೆಚ್ಚಿರಬಾರದು, ಆದರೆ ಒಂದು ಕಾಜಾ ಮುಗಿಯುವ ತನಕ ಸಾಕಾಗಬೇಕು, ನಡುವೆ ನೂಲು ಮುಗಿದರೆ ಜೋಡಿಸಿದ ಗುರುತು ಕಂಡೇ ಕಾಣುತ್ತದೆ.

ಆಮೇಲೆ ನಿಜವಾದ ಹೊಲಿಗೆ. ಸೂಜಿಯನ್ನು ರಂಧ್ರದೊಳಗಿಂದ ತೂರಿಸಿ ಅಂಚಿನಿಂದ ತುಸುವೇ ದೂರದಲ್ಲಿ ಮೇಲೆ ತೆಗೆಯಬೇಕು. ಸೂಜಿ ಪೂರ್ತಿ ಹೊರಬರುವ ಮುನ್ನ ಅದರ ಕಣ್ಣಿನಿಂದ ಇಳಿದ ನೂಲನ್ನು ಮೊನೆಯ ಕೆಳಗೆ ಸುತ್ತಿ ತರಬೇಕು. ಎಳೆದಾಗ ಒಂದು ಸಣ್ಣ ಗಂಟು ಬಿಗಿಯುತ್ತದೆ. ಆ ಗಂಟು ಸರಿಯಾಗಿ ಕತ್ತರಿಸಿದ ಅಂಚಿನ ಮೇಲೆಯೇ ಕೂರಬೇಕು. ಹಿಂದೆಯೂ ಅಲ್ಲ, ಮುಂದೆಯೂ ಅಲ್ಲ. ಅದರ ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕದಲ್ಲಿ ಮತ್ತೊಂದು. ಗುಂಡಿ ಆತುಕೊಳ್ಳುವ ತುದಿಯಲ್ಲಿ ಹೊಲಿಗೆಗಳು ಬೀಸಣಿಗೆಯಂತೆ ಹರಡಿಕೊಳ್ಳುತ್ತವೆ. ಇನ್ನೊಂದು ತುದಿಯಲ್ಲಿ ಅಡ್ಡಲಾಗಿ ಒಂದು ಪಟ್ಟು ಹಾಕಿ ಮುಗಿಸುತ್ತಾರೆ. ಗುಂಡಿ ದಿನವೂ ಬಂದು ಉಜ್ಜುವುದು ಈ ಗಂಟುಗಳ ಸಾಲನ್ನು. ಬಟ್ಟೆಯ ಎಳೆಯನ್ನು ಅದು ಮುಟ್ಟುವುದೇ ಇಲ್ಲ. ಚೆನ್ನಾಗಿ ಹೊಲಿದ ಹಳೆಯ ಅಂಗಿಯನ್ನು ನೋಡಿ: ಕೊರಳಪಟ್ಟಿ ಸವೆದಿರುತ್ತದೆ, ಮೊಣಕೈ ಹರಿದಿರುತ್ತದೆ, ಕಾಜಾ ಹಾಗೆಯೇ ಇರುತ್ತದೆ. ಕತ್ತರಿ ಬಿದ್ದ ಜಾಗವೇ ಅಂಗಿಯ ಗಟ್ಟಿ ಜಾಗ.

ಪವಿತ್ರ ಗ್ರಂಥದಲ್ಲಿ ಇದಕ್ಕೆ ಸಮೀಪವಾದ ಒಂದು ಸ್ಥಳವಿದೆ. ವಿಮೋಚನಾಕಾಂಡದ 28ನೆಯ ಅಧ್ಯಾಯದಲ್ಲಿ ದೇವರು ಆರೋನನ ಯಾಜಕವಸ್ತ್ರಗಳ ಬಗ್ಗೆ ಮೋಶೆಗೆ ಅಪ್ಪಣೆ ಕೊಡುತ್ತಾರೆ. ಚಿನ್ನ, ರತ್ನ, ದಾಳಿಂಬೆಯ ಆಕಾರದ ಗೊಂಡೆ, ಗಂಟೆ ಎಲ್ಲವೂ ಅಲ್ಲಿವೆ. ಅವುಗಳ ನಡುವೆ, ನೀಲಿ ನಿಲುವಂಗಿಯಲ್ಲಿ ತಲೆ ತೂರಿಸುವ ರಂಧ್ರದ ಸುತ್ತ ನೇಯ್ದ ಪಟ್ಟಿಯಿರಬೇಕು, ಅದು ಹರಿಯಬಾರದು ಎಂಬ ಮಾತೂ ಇದೆ. ರತ್ನಗಳ ಬಗ್ಗೆ ನಾವು ಪ್ರವಚನ ಮಾಡುತ್ತೇವೆ. ಹರಿಯಬಾರದೆಂಬ ಆ ಚಿಕ್ಕ ಮಾತನ್ನು ದರ್ಜಿಯಲ್ಲದವನು ಗಮನಿಸುವುದು ಕಡಿಮೆ. ಬೆಟ್ಟದ ಮೇಲೆ ಮೇಘದೊಳಗಿಂದ ಮಾತನಾಡಿದ ದೇವರಿಗೆ ಒಂದು ರಂಧ್ರದ ಅಂಚಿನ ಯೋಚನೆಯೂ ಇತ್ತು.

ಮತ್ತೊಂದನ್ನೂ ಹೇಳುತ್ತೇನೆ. ಪುನರುತ್ಥಾನರಾದ ಪ್ರಭು ಯೇಸು ತಮ್ಮ ಶಿಷ್ಯರ ನಡುವೆ ಬಂದು ನಿಂತಾಗ ಅವರ ಕೈಗಳಲ್ಲಿಯೂ ಪಕ್ಕೆಯಲ್ಲಿಯೂ ಗಾಯಗಳು ಹಾಗೆಯೇ ಇದ್ದವು. ಮರಣವನ್ನು ಜಯಿಸಿದವರಿಗೆ ಅವನ್ನು ಮುಚ್ಚಿಬಿಡುವುದು ಅಸಾಧ್ಯವಾಗಿರಲಿಲ್ಲ. ಮುಚ್ಚಲಿಲ್ಲ. ತೋಮರ ವಿಶ್ವಾಸ ಒಳಪ್ರವೇಶಿಸಿದ್ದು ಆ ತೆರವಿನ ಮೂಲಕವೇ. ಈ ಸಭೆಯಲ್ಲಿ ಕುಳಿತಿರುವ ಅನೇಕ ತಾಯಂದಿರ ಬದುಕಿನಲ್ಲಿ ಕತ್ತರಿ ಎಲ್ಲೆಲ್ಲಿ ಆಡಿದೆಯೆಂಬುದು ನನಗೆ ಗೊತ್ತು. ವಿಧವೆಯರಿದ್ದಾರೆ, ಮಗನನ್ನು ಕಳೆದುಕೊಂಡವರಿದ್ದಾರೆ, ಗಂಡನ ಕುಡಿತದಿಂದ ನೊಂದವರಿದ್ದಾರೆ. ಅಂಥವರಿಗೆ ‘ಎಲ್ಲವೂ ಮಾಯುತ್ತದೆ’ ಎಂದು ಹೇಳುವುದು ಸುಲಭ. ಹಾಗೆ ಹೇಳುವ ಧೈರ್ಯ ನನಗಿಲ್ಲ. ಕೆಲವು ಮಾಯುವುದಿಲ್ಲ. ಅಂಚು ಬಿಚ್ಚಿಹೋಗದಂತೆ ಒಂದೊಂದೇ ಗಂಟು ಹಾಕುತ್ತಾ ಹೋಗುವುದಷ್ಟೇ ಸಾಧ್ಯ. ಆ ಕೆಲಸದಲ್ಲಿ ನೆರೆಯವರ ಕೈಯೂ ಸೇರಬಹುದು.

ಹೊಲಿಗೆಗೆ ಹಿಂದಿರುಗೋಣ. ಈ ಗಂಟುಹೊಲಿಗೆ ಬರಿಯ ಷರ್ಟಿಗೆ ಮೀಸಲಾದುದಲ್ಲ. ಸೂಜಿಯಿಂದ ಮಾಡುವ ಲೇಸು ಬಹುತೇಕ ಇದೇ ಹೊಲಿಗೆಯ ಮೇಲೆ ನಿಂತಿದೆ. ಫ್ರಾನ್ಸಿನ ಅಲಾಂಸೋನ್ ಪಟ್ಟಣದ ಲೇಸು ಲೋಕಪ್ರಸಿದ್ಧ; 2010ರಲ್ಲಿ ಯುನೆಸ್ಕೋ ಸಂಸ್ಥೆ ಅದರ ಕೌಶಲವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಣದಲ್ಲಿ ಲೇಸಿನ ಕಸುಬು ನಡೆಸುತ್ತಿದ್ದ ಒಬ್ಬ ತಾಯಿಯ ಮಗಳು ನಿಮಗೆಲ್ಲ ಚಿರಪರಿಚಿತಳು. ಆಕೆಯ ಪ್ರತಿಮೆ ನಮ್ಮ ಎಷ್ಟೋ ದೇವಾಲಯಗಳಲ್ಲಿದೆ. ಬಾಲಯೇಸುವಿನ ಸಂತ ತೆರೇಸಮ್ಮ. ತಾಯಿಯ ಹೆಸರು ಜೆಲಿ ಮಾರ್ತೆನ್.

ಜೆಲಿ 1831ರಲ್ಲಿ ಹುಟ್ಟಿದರು. ಮದುವೆಗೆ ಮುಂಚೆಯೇ ಲೇಸಿನ ಕಸುಬನ್ನು ಆರಂಭಿಸಿದರು. 1858ರಲ್ಲಿ ಗಡಿಯಾರದ ಕೆಲಸಗಾರರಾಗಿದ್ದ ಲೂಯಿ ಮಾರ್ತೆನ್‌ರನ್ನು ವಿವಾಹವಾದರು. ಒಂಬತ್ತು ಮಕ್ಕಳು, ಅವರಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು. ಆ ಲೇಸಿನ ಕೆಲಸ ಹಂತಹಂತವಾಗಿ ಹಂಚಿಹೋಗಿತ್ತು: ಒಬ್ಬಳು ಚಿತ್ರದ ಅಂಚನ್ನು ಹೊಲಿದರೆ, ಇನ್ನೊಬ್ಬಳು ಒಳಗಿನ ಜಾಲವನ್ನು ತುಂಬುವಳು, ಮತ್ತೊಬ್ಬಳು ಉಬ್ಬುಹೊಲಿಗೆ ಹಾಕುವಳು. ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಕುಳಿತು ಹೊಲಿದು, ವಾರಕ್ಕೊಮ್ಮೆ ಜೆಲಿಯ ಮನೆಗೆ ತಂದು ಒಪ್ಪಿಸುತ್ತಿದ್ದರು. ಆ ತುಂಡುಗಳನ್ನು ಕೂಡಿಸಿದ ಗುರುತು ಕಾಣದಂತೆ ಜೋಡಿಸುವ ಅತಿ ಸೂಕ್ಷ್ಮ ಕೆಲಸ ಜೆಲಿಯವರದು. ಕೆಲಸ ಎಷ್ಟು ಹೆಚ್ಚಿತೆಂದರೆ 1870ರಲ್ಲಿ ಪತಿ ತಮ್ಮ ಗಡಿಯಾರದ ಅಂಗಡಿಯನ್ನು ಬಿಟ್ಟುಕೊಟ್ಟು ಪತ್ನಿಯ ಕಸುಬಿಗೆ ನೆರವಾದರು. ಗಂಡಸರು ಇದನ್ನು ಗಮನಿಸಬೇಕು.

ಜೆಲಿಯವರು ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಸಂತಳೆಂದರೆ ಸದಾ ನಗುತ್ತಾ ಹೊಲಿಯುತ್ತಿದ್ದಳೆಂದು ಎಣಿಸಬೇಡಿ. ಈ ಲೇಸೇ ತನ್ನ ಬಾಳನ್ನು ಭಾರಗೊಳಿಸಿದೆಯೆಂದು ಆಕೆ ನೊಂದು ಬರೆದದ್ದುಂಟು. ಬೇಡಿಕೆ ಹೆಚ್ಚಾದಾಗ ದಣಿವು, ಬೇಡಿಕೆ ನಿಂತಾಗ ಚಿಂತೆ. ಆದರೆ ತನ್ನ ಕೆಲಸದ ಹೆಂಗಸರನ್ನು ಮನೆಯವರಂತೆ ಕಾಣಬೇಕೆಂಬುದು ಆಕೆಯ ನಿಲುವಾಗಿತ್ತು. ಅವರು ಹಾಸಿಗೆ ಹಿಡಿದಾಗ ಹೋಗಿ ನೋಡಿ ಬರುತ್ತಿದ್ದರು. 1877ರ ಆಗಸ್ಟ್ 28ರಂದು ಸ್ತನದ ಅರ್ಬುದ ರೋಗದಿಂದ ತೀರಿಕೊಂಡಾಗ ಕಿರಿಯ ಮಗಳು ತೆರೇಸಳಿಗೆ ಇನ್ನೂ ನಾಲ್ಕೂವರೆ ವರ್ಷ. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸರು ಈ ದಂಪತಿಗಳನ್ನು ಸಂತರೆಂದು ಘೋಷಿಸಿದರು. ಪತಿಪತ್ನಿಯರನ್ನು ಜೊತೆಯಾಗಿ ಸಂತಪದವಿಗೆ ಏರಿಸಿದ್ದು ಅದೇ ಮೊದಲು.

ಅಲಾಂಸೋನಿನ ಆ ಮನೆಗೆ ಹೆಂಗಸರು ಲೇಸಿನ ತುಂಡು ತರುತ್ತಿದ್ದಂತೆಯೇ ಇಂದು ನಮ್ಮ ಧರ್ಮಕೇಂದ್ರದ ಹೆಂಗಸರು ದರ್ಜಿ ಅಂಗಡಿಗಳಿಂದ ರವಿಕೆಗಳ ಗಂಟನ್ನು ಮನೆಗೆ ತರುತ್ತಾರೆ. ಯಂತ್ರವಿದೆಯಲ್ಲ, ಕೈಹೊಲಿಗೆ ಯಾರಿಗೆ ಬೇಕು ಎಂದು ಕೇಳುವವರು ತಮ್ಮ ಮನೆಯ ಹೆಂಗಸರ ರವಿಕೆಗಳನ್ನು ಒಮ್ಮೆ ವಿಚಾರಿಸಲಿ. ಸೀರೆಯ ಜೊತೆಯ ರವಿಕೆಗೆ ಹುಕ್ಕುಗಳಿರುತ್ತವೆ. ಆ ಹುಕ್ಕು ಸಿಕ್ಕಿಕೊಳ್ಳುವ ನೂಲಿನ ಕೊಂಡಿಯನ್ನು ನಮ್ಮೂರಿನ ದರ್ಜಿಗಳು ಇಂದಿಗೂ ಕೈಯಿಂದಲೇ ಮಾಡಿಸುತ್ತಾರೆ: ಎರಡು ಮೂರು ಎಳೆಗಳನ್ನು ಹಾಯಿಸಿ, ಅವುಗಳ ಮೇಲೆ ಇದೇ ಗಂಟುಹೊಲಿಗೆಯನ್ನು ಒತ್ತೊತ್ತಾಗಿ ಸುತ್ತುತ್ತಾರೆ. ಅದನ್ನೂ ಕಾಜಾ ಎಂದೇ ಕರೆಯುತ್ತಾರೆ. ಕತ್ತರಿಸುವುದು, ಯಂತ್ರ ತುಳಿಯುವುದು ಅಂಗಡಿಯಲ್ಲಿ; ಹುಕ್ಕು, ಕಾಜಾ, ಅಂಚುಮಡಿಕೆ ಮನೆಯಲ್ಲಿ, ಅಡಿಗೆಯಾದ ಮೇಲೆ, ಮಕ್ಕಳು ಮಲಗಿದ ಮೇಲೆ. ಹಿಂದೆ ದರ್ಜಿ ಅಂಗಡಿಗೆ ಕಸುಬು ಕಲಿಯಲು ಸೇರಿದ ಹುಡುಗನಿಗೂ ಮೊದಲು ಕೊಡುತ್ತಿದ್ದದ್ದು ಕಾಜಾ–ಗುಂಡಿಯ ಕೆಲಸವನ್ನೇ. ಅದು ಕಸುಬಿನ ಹೊಸ್ತಿಲು. ಹುಡುಗ ಹೊಸ್ತಿಲು ದಾಟಿ ದರ್ಜಿಯಾಗುತ್ತಿದ್ದ. ನಮ್ಮ ಹೆಣ್ಣುಮಕ್ಕಳು ಹೊಸ್ತಿಲ ಮೇಲೆಯೇ ಇಪ್ಪತ್ತು ವರ್ಷ ಕುಳಿತಿದ್ದಾರೆ.

ಆದುದರಿಂದ ಸಮಿತಿಯ ಮುಂದಿರುವ ಪ್ರಶ್ನೆ ಕಾಜಾ ಕಲಿಸಬೇಕೇ ಬೇಡವೇ ಎಂಬುದಷ್ಟೇ ಅಲ್ಲ. ಕಲಿಸದಿದ್ದರೆ ಈ ಕೆಲಸ ನಿಲ್ಲುವುದಿಲ್ಲ. ಅರೆಬರೆ ಕಲಿತವರು ಇನ್ನೂ ಕಡಿಮೆ ಕೂಲಿಗೆ ಅದನ್ನೇ ಮಾಡುತ್ತಾರೆ. ಕೆಲಸದ ಬೆಲೆಯನ್ನು ಕೇಳಲು ಮೊದಲು ಕೆಲಸ ಚೆನ್ನಾಗಿ ಗೊತ್ತಿರಬೇಕು. ಎಷ್ಟು ನಿಮಿಷ ಹಿಡಿಯುತ್ತದೆ, ಎಷ್ಟು ನೂಲು ಬೇಕು, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಏನು ವ್ಯತ್ಯಾಸ ಎಂಬುದನ್ನು ಬಾಯಿಬಿಟ್ಟು ಹೇಳಬಲ್ಲವಳನ್ನು ಅಂಗಡಿಯವನು ಸುಲಭವಾಗಿ ಗದರಿಸಲಾರ.

ಒಂದು ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ನಾನು ಈಗ ತೊಟ್ಟಿರುವ ಈ ಬಿಳಿಯ ನಿಲುವಂಗಿಯ ಮುಂಭಾಗವನ್ನು ನೋಡಿ. ಗುರುಗಳ ನಿಲುವಂಗಿಗೆ ಪ್ರಭುವಿನ 33 ವರ್ಷಗಳ ನೆನಪಿಗಾಗಿ 33 ಗುಂಡಿಗಳನ್ನಿಡುವ ಸಂಪ್ರದಾಯವುಂಟು. (ಯೇಸುಸಭೆಯ ಗುರುಗಳ ಸಾಂಪ್ರದಾಯಿಕ ನಿಲುವಂಗಿಗೆ ಈ ಗುಂಡಿಸಾಲು ಇಲ್ಲ, ಅವರು ನಡುಪಟ್ಟಿ ಬಿಗಿದು ಮುಗಿಸುತ್ತಾರೆ. ಆ ವಿಷಯದಲ್ಲಿ ಅವರು ಬಹಳ ಜಾಣರು.) ಇದರ 33 ಕಾಜಾಗಳೇ ನಮ್ಮ ಹನ್ನೊಂದು ಮಂದಿಯ ಪರೀಕ್ಷೆ, ತಲಾ ಮೂರು. ಎಲ್ಲವೂ ಒಂದೇ ತೆರನಾಗಿಲ್ಲ. ಮೇಲಿನಿಂದ ಏಳನೆಯದು ಸ್ವಲ್ಪ ಬಿಗಿ, ಬೆಳಿಗ್ಗೆ ಆತುರದಲ್ಲಿದ್ದಾಗ ನನ್ನ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಅದು ಯಾರದೆಂದು ಸಿಸ್ಟರ್ ಅವರಿಗೆ ಗೊತ್ತು. ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ಒಂದು ಕಾಜಾಕ್ಕೆ ಹತ್ತು ನಿಮಿಷವೆಂದು ಇಟ್ಟುಕೊಳ್ಳೋಣ. ಕೈ ಪಳಗಿದವರಿಗೂ ಅಷ್ಟು ಬೇಕು. ಒಟ್ಟು 330 ನಿಮಿಷ, ಎಂದರೆ ಐದೂವರೆ ಗಂಟೆ. ಒಂದೊಂದಕ್ಕೆ ಸುಮಾರು 40 ಹೊಲಿಗೆಯೆಂದರೆ ಒಟ್ಟು 1,320 ಗಂಟುಗಳು. ಒಂದು ಅಂಗಿಯ ಎದೆಯ ಮೇಲೆ ಒಬ್ಬ ಹೆಂಗಸಿನ ಬಹುಪಾಲು ಒಂದು ದಿನದ ದುಡಿಮೆ ಇದೆ. ಪರೀಕ್ಷೆಯ ಕೆಲಸಕ್ಕೆ ಕೂಲಿ ಏಕೆಂದು ಕೆಲವರು ಕೇಳಿದರು. ಅಂಗಿಯನ್ನು ತೊಡುವವನು ನಾನು, ಆದುದರಿಂದ ಕೂಲಿಯನ್ನು ಕೊಟ್ಟಿದ್ದೇನೆ. ಕಾಜಾಕ್ಕೆ ಇಷ್ಟು ಪೈಸೆ ಎಂದಲ್ಲ, ಗಂಟೆಗೆ ಇಷ್ಟು ಎಂದು.

ಪಟ್ಟಣದ ಅಂಗಡಿಯೊಂದರಲ್ಲಿ ನಮ್ಮ ಧರ್ಮಕೇಂದ್ರದ ಒಬ್ಬ ವಿಧವೆಗೆ ಮೂರು ತಿಂಗಳ ಕೂಲಿಯನ್ನು ಹಬ್ಬದ ಮೇಲೆ ಹಬ್ಬಕ್ಕೆ ಮುಂದೂಡಿದರು. ಕೊನೆಗೆ ಹೊಲಿಗೆ ಸರಿಯಿಲ್ಲವೆಂದು ಕಾಲುಭಾಗ ಕಡಿದು ಕೊಟ್ಟರು. ಸರಿಯಿಲ್ಲದ ಹೊಲಿಗೆಯ ರವಿಕೆಗಳನ್ನೆಲ್ಲ ಅವರು ಅದಾಗಲೇ ಮಾರಿದ್ದರು. ತೋಬಿತನ ಗ್ರಂಥವನ್ನು ನೀವು ಮನೆಯಲ್ಲಿ ಬಿಡುವಾದಾಗ ಓದಬೇಕು. ಕಣ್ಣು ಕಳೆದುಕೊಂಡ ತೋಬಿತನನ್ನು ಸಾಕಿದವಳು ಅವನ ಮಡದಿ ಅನ್ನಾ; ಕೂಲಿಗೆ ನೇಯ್ದು ಬಟ್ಟೆಯನ್ನು ಯಜಮಾನರಿಗೆ ಕಳುಹಿಸುತ್ತಿದ್ದಳು. ಒಮ್ಮೆ ಅವರು ಪೂರ್ತಿ ಕೂಲಿಯ ಮೇಲೆ ಒಂದು ಮೇಕೆಮರಿಯನ್ನೂ ಕೊಟ್ಟರು. ಮರಿಯ ಕೂಗು ಕೇಳಿದ ತೋಬಿತ ಅದನ್ನು ಕದ್ದು ತಂದಿರಬೇಕೆಂದು ಹೆಂಡತಿಯನ್ನೇ ಗದರಿದನು! ಧರ್ಮಿಷ್ಠನೂ ಹೌದು, ಉಪವಾಸವಿದ್ದವನೂ ಹೌದು. ಹೆಂಗಸಿನ ಕೈಕೆಲಸಕ್ಕೆ ಅಷ್ಟು ಬೆಲೆ ದೊರೆಯಬಹುದೆಂದು ಅವನಿಗೆ ನಂಬಿಕೆಯೇ ಬರಲಿಲ್ಲ. ಆಕೆ ಸುಮ್ಮನಿರಲಿಲ್ಲ, ನಿನ್ನ ದಾನಧರ್ಮಗಳೆಲ್ಲ ಎಲ್ಲಿ ಹೋದವೆಂದು ತಿರುಗಿ ಕೇಳಿದಳು. ಮುಂದೆ ಅದೇ ತೋಬಿತ ಮಗನಿಗೆ ಬುದ್ಧಿ ಹೇಳುವಾಗ, ದುಡಿದವರ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳಬೇಡ ಎಂಬ ಮಾತನ್ನೂ ಸೇರಿಸುತ್ತಾನೆ. ಆ ಮಾತನ್ನು ಅವನಿಗೆ ಕಲಿಸಿದವಳು ಅನ್ನಾಳೇ ಇರಬೇಕೆಂದು ನನ್ನ ಊಹೆ; ವ್ಯಾಖ್ಯಾನಕಾರರು ಒಪ್ಪದಿದ್ದರೆ ಅವರ ಇಷ್ಟ. ಹದಿಮೂರನೆಯ ಲಿಯೋ ಪೋಪರು 1891ರ ತಮ್ಮ ವಿಶ್ವಪತ್ರದಲ್ಲಿ ಇದನ್ನೇ ಇನ್ನಷ್ಟು ಸ್ಪಷ್ಟಪಡಿಸಿದರು: ಬೇರೆ ದಾರಿಯಿಲ್ಲದೆ ಕೆಲಸಗಾರ ಕಡಿಮೆ ಕೂಲಿಗೆ ಒಪ್ಪಿಕೊಂಡ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ. ಅವಳೇ ಒಪ್ಪಿದ್ದಳು ಸ್ವಾಮಿ ಎನ್ನುವ ಅಂಗಡಿಯವರು ನಮ್ಮಲ್ಲಿಯೂ ಇದ್ದಾರೆ; ಕೆಲವರು ಭಾನುವಾರ ಮುಂದಿನ ಸಾಲಿನಲ್ಲಿಯೇ ಕುಳಿತಿರುತ್ತಾರೆ.

ಆದಕಾರಣ ಸಮಿತಿಯವರಲ್ಲಿ ನನ್ನ ಅಭಿಪ್ರಾಯವಿಷ್ಟು. ಮೂರು ವಾರಗಳು ಉಳಿಯಲಿ. ಅದಕ್ಕೆ ಇನ್ನೊಂದು ದಿನವನ್ನು ಸೇರಿಸಿ, ಲೆಕ್ಕ ಇಡುವುದನ್ನು ಕಲಿಸಿ: ತಂದ ರವಿಕೆ ಎಷ್ಟು, ಹಿಡಿದ ಹೊತ್ತು ಎಷ್ಟು, ಬರಬೇಕಾದ ಹಣ ಎಷ್ಟು ಎಂಬುದನ್ನು ಬರೆದಿಡಲು ಪ್ರತಿಯೊಬ್ಬರಿಗೂ ಒಂದು ಪುಸ್ತಕವನ್ನು ಧರ್ಮಕೇಂದ್ರವೇ ಕೊಡಲಿ. ಶತಮಾನೋತ್ಸವಕ್ಕೆ ಪೀಠಬಾಲಕರ ಹೊಸ ಉಡುಪುಗಳನ್ನು ಹೊಲಿಸುವುದಿದೆ. ಆ ಕೆಲಸವನ್ನು ಕೊಡುವ ಮುಂಚೆಯೇ ಕೂಲಿಯನ್ನು ನಿಗದಿಮಾಡಿ ದೇವಾಲಯದ ಬಾಗಿಲಿನ ಸೂಚನಾಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಹಾಕೋಣ. ಬಟ್ಟೆ ಒಪ್ಪಿಸಿದ ದಿನವೇ ಹಣ ಕೊಡೋಣ. ದೇವರ ಸೇವೆಯಲ್ಲವೇ, ಉಚಿತವಾಗಿ ಮಾಡಿಕೊಡಲಿ ಎಂದು ಯಾರಾದರೂ ಹೇಳುವುದಾದರೆ, ಬಣ್ಣ ಬಳಿದವರಿಗೂ ವಿದ್ಯುತ್ ದೀಪ ಹಾಕಿದವರಿಗೂ ನಾವು ಪೂರ್ತಿ ಹಣ ಕೊಟ್ಟಿದ್ದೇವೆಂಬುದನ್ನು ನೆನಪಿಡಲಿ. ಉಚಿತವಾಗಿ ಮಾಡುವ ಮನಸ್ಸುಳ್ಳವರು ಕೂಲಿ ಪಡೆದು ಅನಂತರ ಕಾಣಿಕೆಪೆಟ್ಟಿಗೆಯಲ್ಲಿ ಹಾಕಲು ಅಡ್ಡಿಯಿಲ್ಲ. ಅದು ಅವರ ಇಷ್ಟ.

ದೀಪದ ಮಾತು ಬಂದುದರಿಂದ ಹೇಳುತ್ತೇನೆ. ಸಂಜೆಯ ತರಗತಿ ನಡೆಯುವ ಕೊಠಡಿಯಲ್ಲಿ ಬೆಳಕು ಸಾಲದು. ಬಿಳಿಯ ಬಟ್ಟೆಯ ಮೇಲೆ ಬಿಳಿಯ ನೂಲಿನ ಗಂಟನ್ನು ಕಾಣಬೇಕಾದರೆ ಬೆಳಕು ಎಡಗಡೆಯಿಂದ, ಹತ್ತಿರದಿಂದ ಬೀಳಬೇಕು. ನಲವತ್ತು ದಾಟಿದವರು ಸೂಜಿಗೆ ನೂಲು ಪೋಣಿಸಲು ಪಕ್ಕದ ಹುಡುಗಿಯನ್ನು ಕರೆಯುವುದನ್ನು ನಾನು ಕಂಡಿದ್ದೇನೆ. ಗೋಪುರದ ಮೇಲಿನ ಶಿಲುಬೆಗೆ ಬಣ್ಣಬಣ್ಣದ ದೀಪಗಳನ್ನು ಹಾಕುವ ಯೋಜನೆಯಿದೆಯಷ್ಟೆ. ಅದರಲ್ಲಿ ನಾಲ್ಕು ದೀಪಗಳನ್ನು ಕಡಿಮೆ ಮಾಡಿ ಆ ಕೊಠಡಿಗೆ ಹಾಕಿಸೋಣ. ಕಣ್ಣಿನ ತಪಾಸಣೆಗೂ ಒಂದು ದಿನವನ್ನು ಗೊತ್ತುಮಾಡಬೇಕು.

ಸ್ಮರಣ ಸಂಚಿಕೆಯ ಸಂಪಾದಕರೂ ಇಲ್ಲಿದ್ದಾರೆ. ನೂರು ವರ್ಷಗಳಲ್ಲಿ ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಹೆಸರುಗಳಿವೆ, ದಾನಿಗಳ ಹೆಸರುಗಳಿವೆ. ಪೂಜಾವಸ್ತ್ರಗಳ ಕಪಾಟಿನಲ್ಲಿ ಬಹಳ ಹಳೆಯ ಪೀಠವಸ್ತ್ರಗಳಿವೆ. ಅಂಚುಗಳನ್ನೆಲ್ಲ ಕೈಯಿಂದ ಹೊಲಿದಿದ್ದಾರೆ, ಒಂದು ಎಳೆಯೂ ಬಿಚ್ಚಿಲ್ಲ. ಹೊಲಿದವರ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ. ಯೊಪ್ಪದಲ್ಲಿ ತಬಿಥಾ ತೀರಿಕೊಂಡಾಗ ವಿಧವೆಯರು ಆಕೆ ಹೊಲಿದುಕೊಟ್ಟ ಅಂಗಿಗಳನ್ನು ಹಿಡಿದು ಪೇತ್ರರಿಗೆ ತೋರಿಸಿ ಅತ್ತರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಲೂಕರು ಆಕೆಯ ಹೆಸರನ್ನು ಎರಡು ಭಾಷೆಗಳಲ್ಲಿ ಬರೆದಿಟ್ಟರು, ತಬಿಥಾ ಎಂದೂ ದೊರ್ಕಾ ಎಂದೂ. ನಾವು ಒಂದು ಭಾಷೆಯಲ್ಲಾದರೂ ಬರೆಯೋಣ. ಈ ಹನ್ನೊಂದು ಹೆಸರುಗಳು ದಾನಿಗಳ ಪಟ್ಟಿಯಿರುವ ಪುಟದಲ್ಲಿಯೇ, ಅದೇ ಗಾತ್ರದ ಅಕ್ಷರಗಳಲ್ಲಿ ಅಚ್ಚಾಗಬೇಕು.

ಇನ್ನು ಸಿಸ್ಟರ್ ಅವರು ಹೆಸರುಗಳನ್ನು ಓದುತ್ತಾರೆ. ಕರೆದವರು ಒಬ್ಬೊಬ್ಬರಾಗಿ ಮುಂದೆ ಬನ್ನಿ. ಮಕ್ಕಳನ್ನು ಎತ್ತಿಕೊಂಡೇ ಬರಬಹುದು. ಪ್ರಮಾಣಪತ್ರದ ಜೊತೆಗೆ ಒಂದು ಕತ್ತರಿ, ಒಂದು ಅಂಗುಸ್ತಾನ, ಒಂದು ತುಂಡು ಜೇನುಮೇಣ ಇವೆ. ಮೇಣವನ್ನು ಬಿಸಿಲಿನಲ್ಲಿ ಇಡಬೇಡಿ.